ಹದಿನೇಳನೇ ಮೊಳೆ

ಟೈಮ್‌ಟೇಬಲ್ಲಿನಲ್ಲಿ ಬುಧವಾರದ ಕೊನೇ ಪೀರಿಯಡ್ಡಿನೆದುರು
ಒಂದೇ ಪದ: ತೂಕ.
ಬಿ.ಎ. ಮೊದಲ ಸೆಮಿಸ್ಟರಿನ ನಾವು ಇಪ್ಪತ್ತಮೂರು ಜನ ನಕ್ಕೆವು,
ಇದೇನು ಕಾಲೇಜೋ ರೇಷನ್ ಅಂಗಡಿಯೋ ಅಂತ.

ಇಂದ್ರಾಣಿ ಮೇಡಂ ಫಿಸಿಕ್ಸ್ ಲ್ಯಾಬಿನಿಂದ ಕೇಳಿ ತಂದ ಹಳೇ ತಕ್ಕಡಿಯನ್ನು
ಮೇಜಿನ ಮೇಲಿಟ್ಟು, ಅಲ್ಲಾಡದಂತೆ ಕಾಲಿನ ಕೆಳಗೆ
ಯಾರದೋ ಹಾಲ್‌ಟಿಕೆಟ್ಟು ಮಡಿಸಿಟ್ಟು ಹೇಳಿದರು:
ಸಿಲಬಸ್ ಇಲ್ಲ, ಪರೀಕ್ಷೆಯಿಲ್ಲ.
ವಾರಕ್ಕಿಷ್ಟು ಜನ ಒಂದೊಂದು ವಸ್ತು ತನ್ನಿ.
ಮೊದಲು ಕೈಯಲ್ಲಿ ಹಿಡಿದು ಅಂದಾಜು, ಆಮೇಲೆ ತಕ್ಕಡಿ.
ತಂದವರು ಅದರ ಬಗ್ಗೆ ಮಾತಾಡಬೇಕು, ಯಾವ ಭಾಷೆಯಾದರೂ ಸರಿ.

ಯಾವ ಭಾಷೆಯಾದರೂ ಸರಿ!
ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ,
ಎಕನಾಮಿಕ್ಸಿನಲ್ಲಿ ಬಾಯಿಗೆ ಬೀಗ.
ಬಾಗಿಲು ತೆರೆದಂತಾಯಿತು ಅನ್ನಲಾರೆ,
ಕಿಟಕಿಯ ಚಿಲಕ ಸಡಿಲಾಯಿತು, ಅಷ್ಟೆ.

ಅಂದಾಜಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.
ಬೆಳಗಿನ ಜಾವ ಮೂರರಿಂದ ಏಳರವರೆಗೆ
ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸು ಎತ್ತುವ ಕೈ ಇದು.
ಹದಿನೈದು ಕೆಜಿಗೆ ಕಾಲು ಕೆಜಿ ಕಮ್ಮಿಯಿದ್ದರೂ ಮೊಣಕೈಗೆ ಗೊತ್ತು.
ಗುಲ್ನಾಜಳ ಕುಟ್ಟಾಣಿ: ಒಂದೂಮುಕ್ಕಾಲು ಅಂದೆ, ಸರಿಯಾಯಿತು.
ಚೌಡಪ್ಪನ ತಮಟೆ: ಬೆಂಕಿಗೆ ಕಾಯಿಸುವ ಮೊದಲೋ ಆಮೇಲೋ ಎಂದೆ.
ಮೇಡಂ ಆ ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಬರೆದುಕೊಂಡರು.
ನಾನಾಡಿದ್ದನ್ನು ಯಾರೋ ಬರೆದುಕೊಂಡದ್ದು ಅದೇ ಮೊದಲು.

ಸೆಲ್ವಿ ಕೆಜಿಎಫ್‌ನವಳು.
ಕರ್ಚೀಫಿನ ಗಂಟು ಬಿಚ್ಚಿ ಒಂದು ಹಿತ್ತಾಳೆ ಬಿಲ್ಲೆ ಇಟ್ಟಳು.
ಗಣಿಗೆ ಇಳಿಯುವಾಗ ತಾತ ಮೊಳೆಯಿಂದ ತೆಗೆದುಕೊಂಡು ಹೋಗುತ್ತಿದ್ದರಂತೆ,
ಮೇಲೆ ಬಂದು ಅದೇ ಮೊಳೆಗೆ ನೇತುಹಾಕುತ್ತಿದ್ದರಂತೆ.
ಖಾಲಿ ಮೊಳೆ ಅಂದರೆ ಒಬ್ಬ ಇನ್ನೂ ಕೆಳಗೇ ಇದ್ದಾನೆ.
ಎಷ್ಟಿರಬಹುದು? ಅಂದರು ಮೇಡಂ.
ಅರ್ಧ ಕೆಜಿ, ಅಂದಳು ಸೆಲ್ವಿ.
ತಕ್ಕಡಿ ಹೇಳಿತು: ಹದಿನಾಲ್ಕು ಗ್ರಾಂ.
ಯಾರೂ ನಗಲಿಲ್ಲ. ಹೊರಗೆ ಯಾರೋ ಬೆಂಚು ಎಳೆಯುತ್ತಿದ್ದರು.

ಮುಂದಿನ ವಾರ ಗೋಡೆಗೊಂದು ಹಲಗೆ, ಇಪ್ಪತ್ತಮೂರು ಮೊಳೆ.
ರಟ್ಟಿನ ಬಿಲ್ಲೆ ನಾವೇ ಕತ್ತರಿಸಿದೆವು. ನನ್ನದು ಹದಿನೇಳು.
ಹೋಗುವಾಗ ಒಯ್ಯಿರಿ, ಬಂದಾಗ ನೇತುಹಾಕಿ.

ಗಣೇಶನ ಹಬ್ಬ ಕಳೆದ ಮೇಲೆ ಇಂಟರ್ನಲ್ಸು.
ಎಕನಾಮಿಕ್ಸಿನಲ್ಲಿ ಇಪ್ಪತ್ತಕ್ಕೆ ಮೂರು.
ಅದೇ ವಾರ ಮಂಡಿಗೆ ಆವಕ ಜೋರು, ಹಗಲೂ ಕೆಲಸ.
ಸೀಸನ್ ಮುಗಿಯಲಿ, ಅಂತ ನನಗೆ ನಾನೇ ಹೇಳಿಕೊಂಡೆ.
ಸುಳ್ಳೇನಲ್ಲ. ಆದರೆ ಪೂರ್ತಿ ತೂಕವೂ ಅಲ್ಲ.
ಒಂದು ಬುಧವಾರ. ಎರಡು. ಮೂರು.
ಬಿಲ್ಲೆ ಅಂಗಿಯ ಜೇಬಿನಲ್ಲೇ ನೆನೆಯಿತು, ಒಣಗಿತು, ಮತ್ತೆ ನೆನೆಯಿತು.

ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ
ಲಾರಿ ಹೆಡ್‌ಲೈಟಿನಲ್ಲಿ ಕಣ್ಣು ಕಿವುಚಿಕೊಂಡು ಮೂವರು.
ಗುಲ್ನಾಜಳ ಅಣ್ಣನ ಆಟೋದಲ್ಲಿ ಬಂದಿದ್ದರು;
ಸೆಲ್ವಿ ಹಿಂದಿನ ರಾತ್ರಿ ಅವರ ಮನೆಯಲ್ಲೇ ಉಳಿದಿದ್ದಳಂತೆ.
ಇನ್ನು ಬುದ್ಧಿಮಾತು ಶುರು ಎಂದು ಬಾಕ್ಸು ಹೊತ್ತೇ ತಿರುಗಿದೆ.
ಹದಿನೇಳು ಖಾಲಿ ಇದೆ, ಅಂದಳು ಸೆಲ್ವಿ.
ಬೇರೇನೂ ಇಲ್ಲ.
ಚೌಡಪ್ಪ ಒಂದು ಬಾಕ್ಸಿಗೆ ಕೈಹಾಕಿ, ಇಪ್ಪತ್ತೈದು ಕೆಜಿ ಅಂದ.
ಹದಿನೈದೇ ಕಣೋ ಸೋಮಾರಿ, ಅಂದೆ.
ಗುಲ್ನಾಜ್‌ಗೆ ಕುತೂಹಲ: ನಿನ್ನೆಯ ದರ ಇವತ್ತು ಯಾಕಿಲ್ಲ?
ಲಾರಿ ಜಾಸ್ತಿ ಬಂದಿವೆ. ಹಣ್ಣು ಕಾಯೋದಿಲ್ಲ,
ಬೆಳೆದವನು ಕಾಯಲಾರ. ಕೊಳ್ಳುವವನಿಗೇನು ಅವಸರ?
ಅವಳು ಹಣೆ ಚಚ್ಚಿಕೊಂಡಳು:
ಇದನ್ನೇ ಅಲ್ಲವೇನೋ ಟೆಸ್ಟಿನಲ್ಲಿ ಕೇಳಿದ್ದು, ಐದು ಮಾರ್ಕ್ಸಿಗೆ!
ಹಮಾಲಿ ಮುನಿಯಪ್ಪಣ್ಣ ನಮಗೆಲ್ಲ ಟೀ ಹೇಳಿದ.

ಬುಧವಾರ ಕಲೆಗಟ್ಟಿದ ರಟ್ಟನ್ನು ಮೊಳೆಗೆ ಹಾಕಲು ಹೋದೆ.
ಮೊದಲು ತಕ್ಕಡಿಗೆ, ಅಂದರು ಮೇಡಂ. ಅಂದಾಜು?
ಗೊತ್ತಾಗ್ತಿಲ್ಲ, ಅಂದೆ, ಮೊದಲ ಸಲ.
ಮುಳ್ಳು ಮಿಸುಕಲಿಲ್ಲ.
ನೋಟ್‌ಬುಕ್ಕಿನ ಆ ಮನೆಯನ್ನು ಅವರು ಖಾಲಿ ಬಿಟ್ಟರು.

ಆಮೇಲೆ ಯಾರು ಏನು ತಂದಿದ್ದರೋ ಗೊತ್ತಿಲ್ಲ.
ಗೋಡೆಗೊರಗಿ ನಿದ್ದೆಹೋಗಿದ್ದೆ.
ಬಸ್ಸಿನ ಹೊತ್ತಿಗೆ ಎಬ್ಬಿಸಿದರು.